ಪಟ್ಟಿ ಎಳೆದವಳ ಕಂಬ

ಚಿತ್ರದುರ್ಗದ ಹಳೆಯ ಪೇಟೆಯ ಒಂದು ಗಲ್ಲಿಯಲ್ಲಿರುವ ಸುಗ್ರಾ ಅವರು ಸುಮಾರು ಐವತ್ತು ವರ್ಷಗಳಿಂದ ಒಂದೇ ಮಾತನ್ನು ಹೇಳುತ್ತ ಬಂದಿದ್ದರು. ತಮ್ಮ ಮನೆಯ ಮಹಡಿ ಮೆಟ್ಟಿಲಿನ ಕಟಕಟೆಗೆಂದು ಮಾಡಿದ ಇಪ್ಪತ್ತೊಂದು ಕಿರುಗಂಬಗಳಲ್ಲಿ ಒಂದನ್ನು ಕಡೆದದ್ದು ತಾವು ಎಂಬುದೇ ಆ ಮಾತು. ಮನೆಯಲ್ಲಿ ಅದನ್ನು ಯಾರೂ ಅಲ್ಲಗಳೆಯಲಿಲ್ಲ, ಯಾರೂ ನಂಬಲೂ ಇಲ್ಲ. ಹಬ್ಬದ ದಿನ ಎಲ್ಲರೂ ಸೇರಿದಾಗ ಮತ್ತೆ ಮತ್ತೆ ಹೇಳಿ ನಗುವ ಸಂಗತಿಗಳ ಸಾಲಿಗೆ ಅದೂ ಸೇರಿಹೋಗಿತ್ತು. ತೋರಿಸೋಣವೆಂದರೆ ಕಂಬಗಳು ಕಣ್ಣಿಗೇ ಬೀಳುತ್ತಿರಲಿಲ್ಲ. 1983ರಲ್ಲಿ ಅವುಗಳ ಎರಡೂ ಬದಿಗೆ ಹಲಗೆ ಹೊಡೆದು ಮುಚ್ಚಿದ್ದರು.

ಸುಗ್ರಾ ಹುಟ್ಟಿದ್ದು 1959ರಲ್ಲಿ, ಹೊಸದುರ್ಗದಲ್ಲಿ. ತಂದೆ ದಾದಾಪೀರ್ ಸಾಹೇಬರು ಖರಾದಿ, ಎಂದರೆ ಮರವನ್ನು ತಿರುಗಿಸುತ್ತ, ಉಳಿ ಹಿಡಿದು ದುಂಡಗೆ ಕಡೆಯುವ ಕಸುಬಿನವರು. ಮಂಚದ ಕಾಲು, ತೊಟ್ಟಿಲು, ಲಟ್ಟಣಿಗೆ, ಮಜ್ಜಿಗೆಯ ಕಡೆಗೋಲು ಅವರ ದಿನನಿತ್ಯದ ಕೆಲಸ. ಸುತ್ತಲಿನ ಕುರಿಹಟ್ಟಿಗಳಿಂದ ಕಡೆಗೋಲಿಗೆಂದು ಬಂದವರು ಕೆಲಸ ಮುಗಿಯುವವರೆಗೆ ಅಲ್ಲೇ ಕುಳಿತು ಊರ ಸುದ್ದಿ ಹೇಳಿ ಹೋಗುತ್ತಿದ್ದರು. ಆಗ ಅವರಲ್ಲಿ ವಿದ್ಯುತ್ ಯಂತ್ರವಿರಲಿಲ್ಲ. ಎರಡು ಕಬ್ಬಿಣದ ಮೊನೆಗಳ ನಡುವೆ ಮರವನ್ನು ಸಿಕ್ಕಿಸಿ, ಅದಕ್ಕೊಂದು ಚರ್ಮದ ಪಟ್ಟಿ ಸುತ್ತಿ, ಪಟ್ಟಿಯ ಎರಡು ತುದಿಗಳನ್ನು ಒಬ್ಬರು ಒಂದಾದ ಮೇಲೊಂದು ಎಳೆಯಬೇಕಿತ್ತು. ಮರ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ತಿರುಗುತ್ತದೆ. ಮುಂದಕ್ಕೆ ತಿರುಗುವಾಗ ಮಾತ್ರ ಉಳಿ ತಾಗಬೇಕು, ಹಿಂದಕ್ಕೆ ತಿರುಗುವಾಗ ಕೂದಲೆಳೆಯಷ್ಟು ಮೇಲೇಳಬೇಕು. ಉಳಿ ಹಿಡಿದವರನ್ನು ಖರಾದಿ ಎನ್ನುತ್ತಾರೆ. ಪಟ್ಟಿ ಎಳೆಯುವವರಿಗೆ ಬೇರೆ ಹೆಸರೇನೂ ಇಲ್ಲ. ಸುಗ್ರಾ ಒಂಬತ್ತನೆಯ ವಯಸ್ಸಿನಿಂದ ಪಟ್ಟಿ ಎಳೆದರು.

“ಎಳೆಯೋರಿಗೆ ಉಳಿ ಕಾಣಲ್ಲ. ಅಬ್ಬಾನ ಭುಜ ಕಾಣ್ತಿತ್ತು. ಅದು ಏಳೋದು, ಇಳಿಯೋದು ನೋಡ್ಕಂಡೇ ಎಳೀಬೇಕು. ಐದು ವರ್ಷ ನಾನು ಇಸ್ಕೂಲಲ್ಲಿ ಓದಿದ್ದಕ್ಕಿಂತ ಜಾಸ್ತಿ ಆ ಭುಜ ಓದೀನಿ,” ಎನ್ನುತ್ತಾರೆ.

1973ರಲ್ಲಿ ಚಿತ್ರದುರ್ಗದ ಕಂಬಳಿ ವ್ಯಾಪಾರಿಯೊಬ್ಬರು ತಮ್ಮ ಹಳೆಯ ಮನೆಗೆ ಮಹಡಿ ಕಟ್ಟಿಸಿ, ಮೆಟ್ಟಿಲಿನ ಕಟಕಟೆಗೆ ಇಪ್ಪತ್ತೊಂದು ತೇಗದ ಕಂಬಗಳನ್ನು ಕಡೆದುಕೊಡುವಂತೆ ದಾದಾಪೀರ್ ಸಾಹೇಬರಿಗೆ ಹೇಳಿದರು. ರಂಜಾನ್ ಹಬ್ಬದೊಳಗೆ ಕೆಲಸ ಮುಗಿಯಬೇಕಿತ್ತು. ಉಪವಾಸದ ತಿಂಗಳು, ಜೊತೆಗೆ ಅವಸರ. ಒಂದು ಮಧ್ಯಾಹ್ನ ತಂದೆ ನಮಾಜಿಗೆ ಹೋದಾಗ ಹದಿನಾಲ್ಕರ ಸುಗ್ರಾ ತಾಯಿಯ ಕೈಗೆ ಪಟ್ಟಿ ಕೊಟ್ಟು ತಾನು ಉಳಿ ಹಿಡಿದಳು. ನಮಾಜು ಮುಗಿಸಿ, ದಾರಿಯಲ್ಲಿ ಯಾರೊಡನೆಯೋ ಮಾತಾಡಿ, ತಂದೆ ಮರಳುವ ಹೊತ್ತಿಗೆ ಒಂದು ಕಂಬ ಆಗಿಹೋಗಿತ್ತು. ಅವರು ಅದನ್ನು ಅಂಗೈ ಮೇಲೆ ಎರಡು ಬಾರಿ ಹೊರಳಿಸಿ ನೋಡಿದರು. ಬಯ್ಯಲಿಲ್ಲ, ಹೊಗಳಲಿಲ್ಲ. “ಗುರುತು ಹಾಕು,” ಎಂದಷ್ಟೇ ಹೇಳಿದರು.

ಆ ಕಸುಬಿನಲ್ಲೊಂದು ಕಟ್ಟುನಿಟ್ಟು ಇತ್ತು. ಕಡೆದವರೇ ಗುರುತು ಹಾಕಬೇಕು, ಅದೂ ಹೊರಗೆ ಕಾಣದ ಕಡೆ, ಕಂಬದ ಬುಡದಲ್ಲಿ ಮೆಟ್ಟಿಲ ಹಲಗೆಯ ತೂತಿಗೆ ಇಳಿಯುವ ಗೂಟದ ತುದಿಯಲ್ಲಿ. ಮನೆಯ ಮೊದಲ ಕೈಯದಾದರೆ ಸುತ್ತಲೂ ಒಂದು ಗೆರೆ, ಎರಡನೆಯ ಕೈಯದಾದರೆ ಎರಡು. ಆ ಮನೆಯಲ್ಲಿ ಅಲ್ಲಿಯವರೆಗೆ ಎರಡನೆಯ ಕೈ ಎಂಬುದೇ ಇರಲಿಲ್ಲ. ಸುಗ್ರಾ ಎರಡು ಗೆರೆ ಎಳೆದಳು. ತಂದೆ ಕಂಬವನ್ನು ಉಳಿದವುಗಳೊಡನೆ ಸೇರಿಸುತ್ತ, “ಇದನ್ನ ಯಾರೂ ನೋಡದ ಮೂಲೇಲಿ ನಿಲ್ಲಿಸ್ತೀನಿ,” ಎಂದರು.

ನಾಲ್ಕು ವರ್ಷಗಳ ಬಳಿಕ ಅದೇ ಕಂಬಳಿ ವ್ಯಾಪಾರಿಯ ಮಗ ಜಬೀವುಲ್ಲಾ ಅವರೊಂದಿಗೆ ಸುಗ್ರಾ ಅವರ ಮದುವೆಯಾಯಿತು. ಹೊಸ ಸೊಸೆಯಾಗಿ ಬಂದವರು ದಿನಕ್ಕೆ ಹತ್ತು ಸಲ ಆ ಮೆಟ್ಟಿಲು ಹತ್ತಿಳಿದರು. ತಮ್ಮ ಕಂಬ ಯಾವುದೆಂದು ಮಾತ್ರ ತಿಳಿಯಲಿಲ್ಲ. ಎಲ್ಲಕ್ಕೂ ಒಂದೇ ಹಸಿರು ಬಣ್ಣ ಬಳಿದಿತ್ತು, ಗುರುತು ಹಲಗೆಯೊಳಗೆ ಅಡಗಿತ್ತು. ಮೆಟ್ಟಿಲು ತಿರುಗುವ ಕತ್ತಲ ಮೂಲೆಯಲ್ಲಿ ಒಂದು ಕಂಬ ಸ್ವಲ್ಪ ಸೊಟ್ಟಗಿತ್ತು. ಅದೇ ತಮ್ಮದೆಂದು ಅವರು ತೀರ್ಮಾನಿಸಿಕೊಂಡರು.

1983ರಲ್ಲಿ ಎರಡು ವರ್ಷದ ಮಗ ಸೊಹೈಲ್ ಎರಡು ಕಂಬಗಳ ನಡುವೆ ತಲೆ ತೂರಿಸಿ ಸಿಕ್ಕಿಹಾಕಿಕೊಂಡ. ಎಣ್ಣೆ ಸವರಿದರು, ಸೋಪು ಹಚ್ಚಿದರು, ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಬಂದು ಸಲಹೆ ಕೊಟ್ಟರು. ಮಗು ಅಳುವುದನ್ನು ನಿಲ್ಲಿಸಿ ಬಂದವರನ್ನೆಲ್ಲ ನೋಡಿ ನಗತೊಡಗಿತ್ತು. ಕೊನೆಗೆ ಜಬೀವುಲ್ಲಾ ಒಂದು ಕಂಬದ ಮೇಲ್ತುದಿಯನ್ನು ಗರಗಸದಿಂದ ಕೊಯ್ದು, ಬುಡವನ್ನು ಅಲುಗಾಡಿಸಿ ಕಿತ್ತರು. ಕಿತ್ತ ಕಂಬ ಅಂದೇ ಸ್ನಾನದ ಹಂಡೆಯ ಒಲೆ ಸೇರಿತು. ಮರುವಾರ ಎರಡೂ ಬದಿಗೆ ಹಲಗೆ ಬಂತು. ಮಗು ಉಳಿದ ಸಂತೋಷದಲ್ಲಿ ಕಂಬದ ಬುಡ ನೋಡಬೇಕೆಂಬುದು ಸುಗ್ರಾ ಅವರಿಗೆ ಹೊಳೆಯಲಿಲ್ಲ. ಹೊಳೆದಾಗ ಒಲೆಯಲ್ಲಿ ಬೂದಿಯಷ್ಟೇ ಇತ್ತು.

ಅಂದಿನಿಂದ ಅವರೊಳಗೊಂದು ಅಳುಕು ಉಳಿಯಿತು: ಸುಟ್ಟದ್ದು ತಮ್ಮದೇ ಇರಬಹುದು. ಹಾಗಿದ್ದರೆ ತಾವು ಒಮ್ಮೆ ಉಳಿ ಹಿಡಿದದ್ದಕ್ಕೆ ಈ ಭೂಮಿಯ ಮೇಲೆ ಸಾಕ್ಷಿಯೇ ಇಲ್ಲ. ತಂದೆ ತಾಯಿ ಇಬ್ಬರೂ ತೀರಿಕೊಂಡ ಮೇಲೆ ಅಳುಕು ಹೆಚ್ಚಿತು. ಅದನ್ನು ಅವರು ಯಾರೊಡನೆಯೂ ಹೇಳಲಿಲ್ಲ. ಕಂಬದ ಕಥೆಯನ್ನು ಮಾತ್ರ ಹೇಳುತ್ತಲೇ ಇದ್ದರು.

2024ರ ನವೆಂಬರಿನಲ್ಲಿ ಸೊಹೈಲ್ ಆ ಹಲಗೆಗಳನ್ನು ತೆಗೆಸಲು ನಿರ್ಧರಿಸಿದರು. ಅವರಿಗೀಗ ನಲವತ್ತಮೂರು, ದ್ವಿಚಕ್ರ ವಾಹನಗಳ ಬಿಡಿಭಾಗದ ಅಂಗಡಿ. ಹಲಗೆ ಉಬ್ಬಿ ಮೊಳೆಗಳು ಹೊರಬಂದಿದ್ದವು. ಎಲ್ಲವನ್ನೂ ಕಿತ್ತು ಸ್ಟೀಲಿನ ಕಟಕಟೆ ಹಾಕಿಸುವುದು ಅವರ ಯೋಚನೆ. ಕೀಳುವ ಕೆಲಸಕ್ಕೆ ತುರುವನೂರಿನ ಮುದ್ದಪ್ಪ ಬಂದರು. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ ಬಡಗಿ ಕೆಲಸ ಕಲಿತ, ಅರವತ್ತರ ಆಸುಪಾಸಿನ ಮನುಷ್ಯ. ಅವರು ಇರುವಷ್ಟು ಹೊತ್ತು ಮನೆಯವರೆಲ್ಲ ಉರ್ದು ಬಿಟ್ಟು ಕನ್ನಡದಲ್ಲೇ ಮಾತಾಡುತ್ತಿದ್ದರು.

ಮೊದಲ ಹಲಗೆ ಕಳಚಿ ಬಿದ್ದಾಗ ನಲವತ್ತೊಂದು ವರ್ಷದ ಧೂಳು ಇಳಿಯಿತು. ಧೂಳಿನ ಹಿಂದೆ ಹಸಿರು ಕಂಬಗಳು ಸಾಲಾಗಿ ನಿಂತಿದ್ದವು. ಮುದ್ದಪ್ಪ ಒಂದರ ಬಣ್ಣವನ್ನು ಉಗುರಿನಷ್ಟು ಅಗಲ ಕೆರೆದು, ಮೂಸಿ ನೋಡಿ, ಸುತ್ತಿಗೆಯನ್ನು ಕೆಳಗಿಟ್ಟರು.

“ಸೊಹೈಲಣ್ಣ, ಇದು ತೇಗ. ಇದನ್ನ ಕಿತ್ತು ಸ್ಟೀಲು ಹಾಕ್ಸಾದಾದ್ರೆ ನನ್ನ ಕೈಲಿ ಆಗಲ್ಲ. ಬೇರೆ ಯಾರನ್ನಾರ ಕರ್ಕಳ್ರಿ.”

“ಏನಪ್ಪ, ಕೀಳೋಕೆ ಬಂದೋನು ಕೀಳಲ್ಲ ಅಂತೀಯಲ್ಲ.”

“ಹಲಗೆ ಕೀಳ್ತೀನಿ. ಕಂಬ ಕೀಳಲ್ಲ.” ನಂತರ ಮುದ್ದಪ್ಪ ಕಂಬಗಳನ್ನು ಎಣಿಸಿದರು, ಕುರಿ ಎಣಿಸುವ ಹಾಗೆ ಜೊತೆ ಜೊತೆಯಾಗಿ. “ಸುಗ್ರಮ್ಮ, ಇಪ್ಪತ್ತೊಂದು ಅಂದಿದ್ರಿ. ಇಪ್ಪತ್ತೇ ಅವೆ. ಒಂದನ್ನ ತೋಳ ಹೊತ್ಕಂಡೋಗೈತೆ.”

“ಆ ತೋಳ ಇಲ್ಲೇ ನಿಂತೈತೆ ನೋಡು,” ಎಂದು ಸುಗ್ರಾ ಮಗನತ್ತ ಕೈ ತೋರಿಸಿದರು.

ಸೊಹೈಲ್ ಅವರ ಹೆಂಡತಿ ಮಾಹೀರಾ ಬಾಗಿಲಲ್ಲಿ ನಿಂತು ಗಂಡನ ತಲೆಯನ್ನೂ ಕಂಬಗಳ ನಡುವಿನ ಜಾಗವನ್ನೂ ಕಣ್ಣಳತೆಯಲ್ಲೇ ಹೋಲಿಸಿ ನಕ್ಕರು. ಸ್ಟೀಲಿನವನಿಗೆ ಫೋನು ಮಾಡಿ ಬೇಡವೆಂದು ಹೇಳಿದವರೂ ಅವರೇ. ಬಣ್ಣ ತೆಗೆಯುವ ಕೆಲಸವನ್ನು ತಾವೇ ವಹಿಸಿಕೊಂಡರು. ಬಣ್ಣ ಕರಗಿಸುವ ದ್ರಾವಣ ಹಚ್ಚಿ, ಮೆತ್ತಗಾದದ್ದನ್ನು ಕೆರೆದು, ಸಣ್ಣ ಕಚ್ಚುಗಳಿಗೆ ಸೆಣಬಿನ ಹುರಿ ಸುತ್ತಿ ಆ ಕಡೆ ಈ ಕಡೆ ಎಳೆದು ತೆಗೆಯಬೇಕು. ಆ ಎಳೆತವನ್ನು ನೋಡುತ್ತ ಸುಗ್ರಾ ಒಂದು ದಿನ ಹೇಳಿದರು, “ಸೊಸೆ, ನೀನು ಪಟ್ಟಿ ಎಳಿಯೋಕೆ ಲಾಯಕ್ಕು.”

“ಕಂಬ ಕಡಿಯೋಕೆ?”

“ಅದಕ್ಕೆ ನಾನಿದೀನಲ್ಲ.”

“ಹೌದೌದು, ನಿಮ್ದೊಂದು ಕಂಬ ಐತಲ್ಲ, ಮರೆತಿದ್ದೆ,” ಎಂದರು ಮಾಹೀರಾ. ಅದರಲ್ಲಿ ಕುಚೋದ್ಯವಿತ್ತೇ ಹೊರತು ಕಹಿಯಿರಲಿಲ್ಲ. ಆದರೂ ಸುಗ್ರಾ ಎದ್ದು ಒಳಗೆ ಹೋದರು.

ಇಲ್ಲದ ಒಂದು ಕಂಬವನ್ನು ಹೊಸದಾಗಿ ಕಡೆಯಲು ಹೊಳಲ್ಕೆರೆಯ ಖರಾದಿ ಶೌಕತ್ ಅಲಿ ಅವರನ್ನು ಕರೆಸಿದರು. ನಲವತ್ತು ವರ್ಷ ಅದೇ ಕಸುಬು ಮಾಡಿದವರು, ದಾದಾಪೀರ್ ಸಾಹೇಬರ ಹೆಸರು ಕೇಳಿ ಬಲ್ಲವರು. ಸುಗ್ರಾ ಅವರಿಗೆ ಸಲಾಂ ಹೇಳಿದವರೇ ಮೆಟ್ಟಿಲ ಬುಡದಿಂದ ತುದಿಯವರೆಗೆ ಪ್ರತಿ ಕಂಬವನ್ನೂ ಹಿಡಿದು ಅಲುಗಾಡಿಸಿದರು. ನಾಲ್ಕು ಸಡಿಲವಾಗಿದ್ದವು, ಹದಿನಾರು ಬಿಗಿಯಾಗಿದ್ದವು.

“ಸಡಿಲ ಇರೋವನ್ನ ತೆಗೆದು ಬುಡ ಸರಿಮಾಡಿ ಕೂರಿಸಾಣ. ಬಿಗಿ ಇರೋವನ್ನ ಮುಟ್ಟಂಗಿಲ್ಲ,” ಎಂದರು.

ಸುಗ್ರಾ ಎದ್ದು ಮುಂದೆ ಬಂದರು. ಕತ್ತಲ ಮೂಲೆಯ ಸೊಟ್ಟ ಕಂಬ ಆ ನಾಲ್ಕರಲ್ಲೊಂದು. “ಮೊದಲು ಅದನ್ನ ತೆಗೀರಿ, ಶೌಕತ್ ಭಾಯ್. ಅದು ನಂದು. ಬುಡದಲ್ಲಿ ಎರಡು ಗೆರೆ ಇರುತ್ತೆ.”

ಮುದ್ದಪ್ಪ ಅದನ್ನು ಮೆಲ್ಲಗೆ ತಿರುಗಿಸಿ ಮೇಲಕ್ಕೆತ್ತಿದರು. ಬುಡದಲ್ಲಿ ಒಂದೇ ಗೆರೆ ಇತ್ತು. ಎರಡನೆಯದರಲ್ಲೂ ಒಂದು. ಮೂರು, ನಾಲ್ಕನೆಯವುಗಳಲ್ಲೂ ಒಂದೊಂದೇ.

“ಅಮ್ಮಿ, ನೀವು ಕಡೆದದ್ದು ಲಟ್ಟಣಿಗೆ ಇರ್ಬೇಕು. ನೆನಪು ಅದಲುಬದಲಾಗೈತೆ,” ಎಂದರು ಸೊಹೈಲ್.

ಸುಗ್ರಾ ಮೆಟ್ಟಿಲ ಮೇಲೆ ಕುಳಿತರು. “ನನ್ನದನ್ನ ನಿಮ್ಮಪ್ಪ ಒಲೆಗೆ ಹಾಕಿರ್ಬೇಕು,” ಎಂದರು. ನಲವತ್ತೊಂದು ವರ್ಷದಲ್ಲಿ ಆ ಮಾತು ಹೊರಬಂದದ್ದು ಅದೇ ಮೊದಲು. ನಗುತ್ತಿದ್ದ ಮಗನಿಗೆ ತಾಯಿಯ ಮುಖ ಕಂಡಿತು. ಇದು ತಮಾಷೆಯ ಕಥೆಯಲ್ಲವೆಂದು ಅವರಿಗೆ ಆಗಷ್ಟೇ ಅರ್ಥವಾಯಿತು.

“ಉಳಿದ ಹದಿನಾರನ್ನೂ ತೆಗೆಸ್ತೀನಿ. ಚಾಚಾ, ತೆಗೀರಿ,” ಎಂದರು ಸೊಹೈಲ್.

ಶೌಕತ್ ಅಲಿ ಒಪ್ಪಲಿಲ್ಲ. “ಬಿಗಿಯಾಗಿ ಕುಂತ ಕಂಬನ ನೋಡೋದಕ್ಕೇಂತ ಕಿತ್ರೆ ಹಲಗೆ ಸೀಳುತ್ತೆ. ಉಸ್ತಾದರು ಕೂರಿಸಿದ್ದನ್ನ ನಾನು ಸೀಳಲ್ಲ.” ಸುಗ್ರಾ ಕೂಡ, “ಕೀಳಬೇಡ್ರಿ. ಬಿಗಿ ಇರೋವು ಅಬ್ಬಾಂದು. ನಂದು ಅಷ್ಟು ಬಿಗಿ ಎಲ್ಲಿಂದ ಬರ್ಬೇಕು,” ಎಂದರು.

ಮಾತು ಅಲ್ಲಿಗೆ ನಿಂತಿತು. ಶೌಕತ್ ಅಲಿ ತಮ್ಮ ಕೆಲಸ ನೋಡಿದರು. ಹೊಸ ಕಂಬಕ್ಕೆ ಮಾದರಿಯಾಗಿ ನಿಂತ ಕಂಬಗಳಲ್ಲೊಂದನ್ನು ಆರಿಸಿಕೊಳ್ಳಬೇಕಿತ್ತು. ಸಾಲನ್ನು ಎರಡು ಬಾರಿ ಕೈಯಿಂದ ಸವರಿ, ಕೆಳಗಿನಿಂದ ಏಳನೆಯದರ ಬಳಿ ನಿಂತರು. “ಉಳಿದವು ಹಬ್ಬದ ಅವಸರದಲ್ಲಿ ಕಡೆದವು. ಇದನ್ನ ಮನಸಿಟ್ಟು ಕಡೆದವ್ರೆ. ಮೇಲೆ ಸಣ್ಣಗಾಗೋ ಈ ಕುತ್ತಿಗೆ ನೋಡ್ರಿ, ಒಂದೇ ಉಸಿರಲ್ಲಿ ಇಳಿದೈತೆ. ಇದು ಉಸ್ತಾದರ ಕೈ,” ಎಂದು ರಟ್ಟಿನ ಮೇಲೆ ಅದರ ಅಂಚನ್ನು ಗುರುತು ಮಾಡಿಕೊಂಡು ಹೊಳಲ್ಕೆರೆಯ ಬಸ್ಸು ಹತ್ತಿದರು.

ವಾರದ ಬಳಿಕ ಅವರು ಹೊಸ ಕಂಬದೊಂದಿಗೆ ಬಂದ ಬೆಳಿಗ್ಗೆ ಮಾಹೀರಾ ಚಹಾ ಕೊಡುತ್ತ ಮುದ್ದಪ್ಪನವರನ್ನು ಕೇಳಿದರು, “ಈ ಬುಡ ಎಲ್ಲಾ ಹಲಗೆಯಿಂದ ಕೆಳಗೆ ಎಲ್ಲಿಗೆ ಹೋಗ್ತವೆ?”

“ಎಲ್ಲಿಗೋಗ್ತವೆ? ಹಲಗೆ ದಾಟಿ ಎರಡು ಬೆರಳು ಆಚೆ ಬಂದು ನಿಲ್ತವೆ. ಅಲ್ಲಿ ಬೆಣೆ ಹೊಡೆದಿರ್ತಾರೆ.”

“ಹಂಗಾದ್ರೆ ಕೆಳಗಿನ ಕೋಣೆಯಿಂದ ನೋಡಿದ್ರೆ ಗೆರೆ ಕಾಣಲ್ವಾ?”

ಮುದ್ದಪ್ಪ ಚಹಾದ ಲೋಟವನ್ನು ಕೆಳಗಿಟ್ಟರು. ಶೌಕತ್ ಅಲಿ ಅವರನ್ನು ನೋಡಿದರು. ಅವರು ಇವರನ್ನು ನೋಡಿದರು. “ಬಡಗಿ ನಾನು, ಖರಾದಿ ಇವ್ರು. ಈ ಮಾತು ಹೇಳೋಕೆ ಅಡಿಗೆ ಮನೆಯಿಂದ ಬರ್ಬೇಕಾಯ್ತು ನೋಡ್ರಿ,” ಎಂದರು ಮುದ್ದಪ್ಪ.

ಮೆಟ್ಟಿಲ ಕೆಳಗಿನ ಕೋಣೆ ಹಿಂದೆ ಸುಗ್ರಾ ಅವರ ಮಾವನವರ ಕಂಬಳಿ ಗಂಟುಗಳಿಂದ ಸೂರಿನವರೆಗೆ ತುಂಬಿರುತ್ತಿತ್ತು. ಹಿರಿಯೂರು ಕಡೆಯ ಕುರಿಗಾರರು ನೇಯಿಸಿ ತರುತ್ತಿದ್ದ ಕಂಬಳಿಗಳು ಅವು. ವ್ಯಾಪಾರ ನಿಂತ ಮೇಲೆ ಟ್ರಂಕುಗಳು, ಮಿಕ್ಸಿಯ ಖಾಲಿ ಡಬ್ಬಿಗಳು, ಮುರಿದ ಕುರ್ಚಿಗಳು ಬಂದು ಕುಳಿತಿದ್ದವು. ಒಂದು ತಾಸಿನಲ್ಲಿ ಎಲ್ಲವೂ ಅಂಗಳಕ್ಕೆ ಬಂದವು. ಸೊಹೈಲ್ ಒಳಗೆ ಹೋಗಲು ಬಗ್ಗಿದಾಗ ಸುಗ್ರಾ ತಡೆದರು. “ಇಷ್ಟು ವರ್ಷ ಹೇಳಿದೋಳು ನಾನು. ನೋಡೋಳೂ ನಾನೇ.” ಉಳಿದಿದ್ದ ಕಂಬಳಿಯೊಂದನ್ನು ಹಾಸಿಕೊಂಡು, ಮಗನ ಮೊಬೈಲಿನ ಬೆಳಕು ಹಿಡಿದು ಆ ಇಕ್ಕಟ್ಟಿನಲ್ಲಿ ಅಂಗಾತ ಮಲಗಿದರು. ಮುದ್ದಪ್ಪ ಮೇಲಿನಿಂದ ಒಂದೊಂದೇ ಕಂಬವನ್ನು ತಟ್ಟಿ ಎಣಿಸತೊಡಗಿದರು.

“ಒಂದು.”

“ಒಂದು ಗೆರೆ,” ಎಂದಿತು ಕೆಳಗಿನ ದನಿ.

“ಎರಡು.”

“ಒಂದು ಗೆರೆ. ಜೇಡ ಐತೆ, ಮೆಲ್ಲಗೆ ತಟ್ಟು.”

ಹೀಗೆ ಆರರವರೆಗೆ ಸಾಗಿತು. ಏಳನೆಯದಕ್ಕೆ ಕೆಳಗಿನಿಂದ ಉತ್ತರ ಬರಲಿಲ್ಲ.

“ಏಳು ಅಂದೆ, ಸುಗ್ರಮ್ಮ. ನಿದ್ದೆ ಬಂತೇನ್ರಿ?”

“ಇನ್ನೊಂದ್ಸಲ ತಟ್ಟು.”

ತಟ್ಟಿದರು.

“ಮುದ್ದಪ್ಪ,” ಎಂದಿತು ದನಿ, “ಎರಡೈತೆ.”

ಸೊಹೈಲ್ ಅಂಗಿಯ ಪರಿವೆಯಿಲ್ಲದೆ ಒಳಗೆ ತೂರಿ ತಾಯಿಯ ಪಕ್ಕ ಮಲಗಿದರು. ಗೂಟದ ಸುತ್ತ ಎರಡು ಗೆರೆಗಳು ಸ್ಪಷ್ಟವಾಗಿದ್ದವು, ಎರಡನೆಯದು ಮೊದಲನೆಯದಕ್ಕಿಂತ ತುಸು ಆಳ. ಅವರು ಬೆರಳಿಟ್ಟು ನೋಡಿದರು, ಫೋಟೋ ತೆಗೆದರು, ಮತ್ತೆ ಬೆರಳಿಟ್ಟು ನೋಡಿದರು. “ಲಟ್ಟಣಿಗೆ ಅಂದಿದ್ದೆ. ತಪ್ಪಾಯ್ತು, ಅಮ್ಮಿ,” ಎಂದರು. ಅದಕ್ಕೆ ಸುಗ್ರಾ, “ಮೊದಲು ಆಚೆ ಸರಿ, ನನ್ನ ಕಾಲು ಜೋಮು ಹಿಡಿದೈತೆ,” ಎಂದು ಉತ್ತರಿಸಿದರಂತೆ. ಇಬ್ಬರೂ ಹೊರಬಂದಾಗ ತಲೆಯ ಮೇಲೆಲ್ಲ ಜೇಡರ ಬಲೆ ಇತ್ತು. ಮಾಹೀರಾ ಅತ್ತೆಯ ಮುಖವನ್ನು ಸೆರಗಿನಿಂದ ಒರೆಸಿ, ಅಪ್ಪಿಕೊಂಡು, ನೆಲದಿಂದ ಒಂದು ಗೇಣು ಎತ್ತಿದರು.

ಶೌಕತ್ ಅಲಿ ಮಾತ್ರ ಏಳನೆಯ ಕಂಬದ ಮುಂದೆ ಮೆಟ್ಟಿಲ ಮೇಲೆ ಕುಳಿತುಬಿಟ್ಟಿದ್ದರು. ಕೈಯಲ್ಲಿ ಅದೇ ಕಂಬದ ಅಂಚು ಬರೆದ ರಟ್ಟು. “ಆಪಾ, ನಲವತ್ತು ವರ್ಷದ ಕಣ್ಣಿದು. ಉಸ್ತಾದರ ಕೈ ಅಂತ ಎಲ್ಲರ ಎದುರಿಗೆ ಹೇಳಿದ್ದೆ.”

“ಅವರ ಕೈಯೇ ಬಿಡ್ರಿ. ಅವರ ಭುಜ ನೋಡೇ ಕಲ್ತಿದ್ದು.”

ಆಮೇಲೆ ಸುಗ್ರಾ ಬೀದಿ ಬಾಗಿಲವರೆಗೆ ಹೋಗಿ, ಹೊರಗಿನಿಂದ ಬರುವವರಂತೆ ತಿರುಗಿ ನಿಂತು ನೋಡಿದರು. ಬಾಗಿಲು ದಾಟಿದವರ ಕಣ್ಣಿಗೆ ನೇರವಾಗಿ ಬೀಳುವುದು ಏಳನೆಯ ಕಂಬ. ಯಾರೂ ನೋಡದ ಮೂಲೆ ಎಂದು ತಂದೆ ಹೇಳಿದ್ದನ್ನು ನಂಬಿ, ಸೊಟ್ಟದ್ದೇ ತಮ್ಮದೆಂದುಕೊಂಡು, ಅವರು ಇಷ್ಟು ಕಾಲ ಕತ್ತಲಲ್ಲಿ ಹುಡುಕಿದ್ದರು. “ಅಬ್ಬಾ ಉಪವಾಸ ಇಟ್ಕಂಡು ಸುಳ್ಳು ಹೇಳಿದ್ರಲ್ಲ,” ಎಂದು ನಗತೊಡಗಿದವರು ಬಹಳ ಹೊತ್ತು ನಿಲ್ಲಿಸಲಿಲ್ಲ.

ಹೊಸ ಕಂಬವನ್ನು ಏಳನೆಯದರ ಪಕ್ಕ ಹಿಡಿದು ನೋಡಿದಾಗ ಸುಗ್ರಾ ಅವರದು ಖರಾದಿಯ ಕಣ್ಣಾಗಿತ್ತು. “ಕುತ್ತಿಗೆ ದಪ್ಪ ಆಗೈತಲ್ಲ, ಶೌಕತ್ ಭಾಯ್.”

ಶೌಕತ್ ಅಲಿ ಅಳತೆ ಹಿಡಿದು ನೋಡಿ ಒಪ್ಪಿಕೊಂಡರು. “ಆಗೈತೆ. ಹಂಗಾದ್ರೆ ನೀವೇ ಬಂದು ಕಡೀರಿ.” ಅವರು ಅರ್ಧ ತಮಾಷೆಗೆ ಹೇಳಿದ್ದಿರಬಹುದು. ಸುಗ್ರಾ ಚಪ್ಪಲಿ ಹುಡುಕತೊಡಗಿದ್ದರು.

ಹೊಳಲ್ಕೆರೆಯ ಕಾರ್ಖಾನೆಯಲ್ಲಿ ವಿದ್ಯುತ್ ಯಂತ್ರಕ್ಕೆ ತೇಗದ ತುಂಡು ಸಿಕ್ಕಿಸಿ ಸ್ವಿಚ್ ಹಾಕಿದಾಗ ಎಲ್ಲರೂ ಸುತ್ತ ನಿಂತರು. ಉಳಿ ತಾಗಿತು, ಎದ್ದಿತು. ಮತ್ತೆ ತಾಗಿತು, ಮತ್ತೆ ಎದ್ದಿತು. ಮರ ಒಂದೇ ದಿಕ್ಕಿಗೆ ಎಡೆಬಿಡದೆ ತಿರುಗುತ್ತಿದ್ದರೂ ಸುಗ್ರಾ ಅವರ ಕೈ ಪಟ್ಟಿಯ ಲೆಕ್ಕದಲ್ಲೇ ಏಳುತ್ತಿತ್ತು, ಇಳಿಯುತ್ತಿತ್ತು. ಮರದ ಮೈ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಚ್ಚು ಬಿದ್ದವು.

“ಆಪಾ, ಎತ್ತಬೇಡ್ರಿ. ಇದು ಹಿಂದಕ್ಕೆ ತಿರುಗಲ್ಲ.”

“ಗೊತ್ತೈತೆ. ಕೈಗೆ ಗೊತ್ತಿಲ್ಲ.”

ಎರಡು ತುಂಡು ಹಾಳಾದ ಮೇಲೆ ಶೌಕತ್ ಅಲಿ ಯಂತ್ರ ನಿಲ್ಲಿಸಿ, ಅಟ್ಟ ಹತ್ತಿ, ತಮ್ಮ ತಂದೆ ಬಳಸುತ್ತಿದ್ದ ಹಳೆಯ ಚೌಕಟ್ಟನ್ನು ಇಳಿಸಿದರು. ಮೊನೆಗಳ ತುಕ್ಕು ಉಜ್ಜಿದರು. ಚರ್ಮದ ಪಟ್ಟಿ ಒಣಗಿ ಸೀಳಿತ್ತು. ಸೊಹೈಲ್ ತಮ್ಮ ಅಂಗಡಿಗೆ ತರಿಸಿದ್ದ ರಬ್ಬರ್ ಬೆಲ್ಟೊಂದನ್ನು ಬೈಕಿನ ಡಿಕ್ಕಿಯಿಂದ ತಂದರು. ಎಳೆಯಬೇಕಾದವರು ಯಾರೆಂದು ಯಾರೂ ಕೇಳಲಿಲ್ಲ. ಸೊಹೈಲ್ ಅಂಗಿಯ ತೋಳು ಮಡಚಿ ಎದುರಿಗೆ ಕುಳಿತರು.

ಮೊದಲ ಹತ್ತು ನಿಮಿಷ ಪಟ್ಟಿ ಜಾರಿತು, ಮರ ನಿಂತಿತು, ತಾಯಿ ಬಯ್ದರು. “ಲೇ, ಉಳಿ ನೋಡ್ಬೇಡ. ನನ್ನ ಭುಜ ನೋಡು.” ಮಗ ಭುಜ ನೋಡಿದರು. ಎಡಗೈ, ಬಲಗೈ, ಎಡಗೈ, ಬಲಗೈ. ಮೆಲ್ಲನೆ ಒಂದು ಲಯ ಕೂಡಿತು. ಉಳಿಯ ತುದಿಯಿಂದ ತೇಗದ ಎಳೆಗಳು ಸುರುಳಿ ಸುರುಳಿಯಾಗಿ ಮಡಿಲಿಗೆ ಬಿದ್ದವು. ಪಕ್ಕದ ಅಂಗಡಿಯವರು ಬಂದು ನಿಂತರು, ಶೌಕತ್ ಅಲಿ ಯಾರನ್ನೂ ಮಾತಾಡಗೊಡಲಿಲ್ಲ. ಅರವತ್ತೈದರ ಸುಗ್ರಾ ಅವರ ಬಲಭುಜ ಏಳುತ್ತಿತ್ತು, ಇಳಿಯುತ್ತಿತ್ತು.

ಬೆವರು ಕಣ್ಣಿಗಿಳಿದ ಸೊಹೈಲ್ ಕೊನೆಗೆ ಕೇಳಿದರು, “ಅಮ್ಮಿ, ಸಾಕಾ?”

“ಇನ್ನೂ ಕುತ್ತಿಗೆ ಬಾಕಿ ಐತೆ. ಎಳಿ.”